ಕರಿ ಬರ್ಫಿನ ಜಮಖಾನ

ಆ ದಿನ ನಾವು ಜಮಖಾನದಲ್ಲಿ ಕೆರೆಯ ಪಟ್ಟಿಯನ್ನು ನೇಯ್ದು ಮುಗಿಸಿದೆವು. ಕರೆಂಟು ಹೋಗಿತ್ತು. ಅತ್ತೆ ಎದ್ದು ಬಾಗಿಲ ಪರದೆಯನ್ನು ಮೇಲೆತ್ತಿ ಮೊಳೆಗೆ ಸಿಕ್ಕಿಸಿದರು. ಹೊರಗಿನ ಬೆಳಕು ಮಗ್ಗದ ಮೇಲೆ ಬಿದ್ದದ್ದನ್ನು ನೋಡಿಕೊಂಡು ಮತ್ತೆ ತಮ್ಮ ಜಾಗಕ್ಕೆ ಬಂದು ಕುಳಿತರು. ಎಡಗಡೆ ಅವರು, ಬಲಗಡೆ ನಾನು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಮ್ಮ ಜಾಗ ಬದಲಾಗಿರಲಿಲ್ಲ.

"ಬರ್ಫ್ ಬಾಯಿ ಯಾವಾಗ ಬರ್ತಾಳಂತ?" ಎಂದು ಕೇಳಿದರು.

"ಶುಕ್ರವಾರ ಬರ್ತಾರಂತ್ರಿ ಅಮ್ಮಾ. ಸರ್ ಫೋನ್ ಮಾಡಿದ್ರು."

"ಬರ್ಲಿ. ಈ ಸಲಾನೂ ಬಣ್ಣ ತಪ್ಪೈತಿ ಅಂದ್ರ ಆಕಿನ್ನ ಇಲ್ಲೇ ಕುಂಡ್ರಸ್ತೀನಿ ನೇಯಾಕ."

ಬರ್ಫ್ ಬಾಯಿ ಎಂದರೆ ಬರ್ಫಿನ, ಮಂಜುಗಡ್ಡೆಯ, ನಾಡಾದ ಫಿನ್‌ಲ್ಯಾಂಡಿನಿಂದ ಬಂದಿದ್ದ ಹೆಂಗಸು. ಈ ಜಮಖಾನದ ಆರ್ಡರು ಅವರದು. ಅವರ ಹೆಸರಿಗೆ ನಮ್ಮ ನಾಲಿಗೆ ಹೊರಳಲಿಲ್ಲವೆಂದು ಅತ್ತೆ ತಾವೇ ಒಂದು ಹೆಸರಿಟ್ಟಿದ್ದರು.

ಮಧ್ಯಾಹ್ನ ಮೊರಬದಿಂದ ನಾದಿನಿಯ ಫೋನು ಬಂತು. ಅವರು ಮೊರಬಕ್ಕೆ ಕೊಟ್ಟಿದ್ದ ಅತ್ತೆಯ ಹಿರಿಯ ಮಗಳು, ನನ್ನ ಗಂಡನ ಅಕ್ಕ. ಅತ್ತೆಯ ಕೈಯಲ್ಲಿ ನೂಲಿತ್ತು, ನಾನೇ ಫೋನನ್ನು ಅವರ ಕಿವಿಗೆ ಹಿಡಿದೆ. ಆ ಕಡೆಯ ಮಾತು ನನಗೂ ಕೇಳುತ್ತಿತ್ತು.

"ಕಡ್ಲಿ ರಾಶಿ ಮುಗೀತಬೇ. ಬರೂ ವಾರ ಬಂದು ಎರಡು ದಿನ ಇದ್ದು ಹೋಗ್ತೀನಿ."

"ಬಾ. ಬಂದಾಕಿ ಮಗ್ಗದ ಬುಡಕ ಕಸಾ ಹೊಡದು ಹೋಗು. ನಿನ್ನಂಗ ಯಾರೂ ಹೊಡ್ಯೂದಿಲ್ಲ."

"ಹೌದಬೇ, ಈ ಮನ್ಯಾಗ ನನಗ ಕಲಿಸಿದ್ದು ಅದೊಂದ ಅಲ್ಲ?"

ಅತ್ತೆ ನಕ್ಕರು. ಅದು ತಾಯಿ ಮಗಳ ನಡುವಿನ ಹಳೆಯ ಚೇಷ್ಟೆ. ನಮ್ಮಲ್ಲಿ ಜಮಖಾನ ನೇಯುವುದನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗೆ ಕಲಿಸುವುದಿಲ್ಲ. ಮಗಳು ಬೇರೆ ಮನೆಗೆ ಹೋಗುವವಳು, ಅವಳ ಸಂಗಡ ಕೆಲಸವೂ ಹೊರಗೆ ಹೋಗುತ್ತದೆ ಎಂದು ಹಿಂದಿನವರು ಮಾಡಿಕೊಂಡ ಕಟ್ಟುಪಾಡು. ಅಣ್ಣಿಗೇರಿಯ ಒಬ್ಬ ದರ್ಜಿಯ ಮಗಳಾದ ನನಗೆ ಅತ್ತೆ ಎಲ್ಲವನ್ನೂ ಕಲಿಸಿದರು. ಈ ಮಗ್ಗದ ಮುಂದೆಯೇ ಹುಟ್ಟಿ ಬೆಳೆದ ಅವರ ಮಗಳು ನೂಲು ಬಡಿದು ಕೂರಿಸುವ ಪಂಜವನ್ನು ಮುಟ್ಟಿದವಳಲ್ಲ.

ಸಂಜೆ ಅತ್ತೆ ಒಲೆಯ ಮೇಲೆ ಬಣ್ಣದ ನೀರಿಟ್ಟು ಒಂದು ಲಡಿ ನೂಲು ಅದ್ದಿದರು. ಹೊಲದಲ್ಲಿ ಕುಸುಬಿ ಹೂ ಬಿಟ್ಟಾಗ ಇರುತ್ತದಲ್ಲ, ಅರ್ಧ ಹಳದಿ ಅರ್ಧ ಕೆಂಪು, ಅಂಥ ಬಣ್ಣ.

"ಇದು ಎದಕ್ಕ್ರಿ ಅಮ್ಮಾ? ಬರ್ಫ್ ಬಾಯಿ ಹೇಳಿದ್ದು ನೀಲಿ, ಬಿಳಿ ಅಲ್ಲೇನ್ರಿ?"

"ಕಡೀಕ ಬೇಕಾಗ್ತೈತಿ. ಈಗ ಕೇಳಬ್ಯಾಡ."

ನೇಯುವ ಜಾಗ ಬರುವ ತನಕ ಅವರು ಯಾವುದನ್ನೂ ಹೇಳುತ್ತಿರಲಿಲ್ಲ. ಲಡಿಯನ್ನು ಹಿಂಡಿ ಮಗ್ಗದ ಬಾಜು ಗೋಡೆಯ ಮೊಳೆಗೆ ಹಾಕಿದರು. ಕೈ ಒರೆಸಿಕೊಂಡು, "ನಾಳೆ ಖಾಲಿ ವರ್ಷ. ಲಗೂನ ಕುಂಡ್ರೂಣು," ಎಂದರು.

ಮರುದಿನ ಬೆಳಗಿನ ನಮಾಜು ಮುಗಿಸಿ ಎದ್ದವರು ಎದೆ ಒತ್ತಿದಂತಾಗುತ್ತಿದೆ ಎಂದು ಗೋಡೆಗೆ ಒರಗಿದರು. ನನ್ನ ಗಂಡ ಗಾಡಿ ತಂದರು. ಹುಬ್ಬಳ್ಳಿ ರಸ್ತೆಯಲ್ಲಿ, ಊರು ಇನ್ನೂ ಹಿಂದೆ ಕಾಣುತ್ತಿರುವಾಗಲೇ, ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ ಅತ್ತೆ ತೀರಿಕೊಂಡರು.

ಖಾಲಿ ವರ್ಷ ಎಂದರೇನು ಎಂಬುದನ್ನು ಇಲ್ಲಿ ಹೇಳಬೇಕು.

ಫಿನ್‌ಲ್ಯಾಂಡಿನ ಆ ಹೆಂಗಸು ಧಾರವಾಡದಲ್ಲಿ ಸಿತಾರ್ ಕಲಿಯುತ್ತಿದ್ದರು. ನಮಗೆ ಕೆಲಸ ತಂದುಕೊಡುವ ಮೇಲ್ವಿಚಾರಕರು, ನಾನು ಸರ್ ಎಂದೂ ಅತ್ತೆ ಮಾಸ್ತರ ಎಂದೂ ಕರೆಯುತ್ತಿದ್ದವರು, ಅವರನ್ನು ಮೊದಲ ಸಲ ನವಲಗುಂದಕ್ಕೆ ಕರೆತಂದಾಗ ಅವರು ಮಗ್ಗದ ಮುಂದೆ ಚಪ್ಪಲಿ ಬಿಟ್ಟು ಕುಳಿತು ಬಹಳ ಹೊತ್ತು ನೋಡಿದರು. ನಮ್ಮದು ನಿಲುವು ಮಗ್ಗ. ಹಾಸಿನ ನೂಲು ಕೆಳಗಿನಿಂದ ಮೇಲಕ್ಕೆ ಬಿಗಿದಿರುತ್ತದೆ, ಇಬ್ಬರು ಪಕ್ಕಪಕ್ಕ ಕುಳಿತು ಅಡ್ಡಕ್ಕೆ ಹೊಕ್ಕು ಸೇರಿಸುತ್ತ ಕಬ್ಬಿಣದ ಪಂಜದಿಂದ ಬಡಿದು ಕೂರಿಸುತ್ತೇವೆ. ಆ ಹೆಂಗಸಿನ ಅಜ್ಜನೂ ನೂಲಿನ ಗಿರಣಿಯ ಕೆಲಸಗಾರರಂತೆ. ಆ ಗಿರಣಿಯ ಜನ ಕೂಡಿ ಬರ್ಫಿನ ಮೇಲೆ ಹಾಕಿ ಆಟ ಆಡುವ ಒಂದು ಕ್ಲಬ್ಬು ಕಟ್ಟಿದ್ದರು. ಆ ಕ್ಲಬ್ಬಿನ ಇತಿಹಾಸವನ್ನು ಒಂದು ಜಮಖಾನದಲ್ಲಿ ನೇಯ್ದು ಕೊಡಬೇಕು, ಬರುವ ಚಳಿಗಾಲದಲ್ಲಿ ಆಟ ಶುರುವಾಗುವಾಗ ಅದನ್ನು ಆಟದ ಮನೆಯ ಗೋಡೆಗೆ ಹಾಕುತ್ತಾರೆ ಎಂದರು.

ಮೇಲ್ವಿಚಾರಕರು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿ ಹೇಳುತ್ತಿದ್ದರು. ನಾವು ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ ಆಡುವವರು. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಆದ್ದರಿಂದ ಎಲ್ಲ ಮಾತನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.

"ಆಡೂ ಮಂದಿನ್ನ ನೇಯಬೇಕಾಗ್ತದ, ಅಮ್ಮಾ," ಎಂದರು ಮೇಲ್ವಿಚಾರಕರು.

"ಮಂದಿ ನೇಯೂದಿಲ್ಲ ಮಾಸ್ತರ. ನವಿಲು ಕೇಳ್ರಿ, ಚೌಕಾಬಾರಾ ಕೇಳ್ರಿ, ನೇಯ್ತೀನಿ. ಮಂದಿ ಮಾರಿ ನಮ್ಮ ಕೈಯಾಗ ಬರೂದಿಲ್ಲ, ಬರೂದೂ ಬ್ಯಾಡ."

"ಮಂದಿ ಇಲ್ದ ಹಾಕಿ ಹೆಂಗ್ರಿ?"

"ನಮಾಜಿನ ಜಮಖಾನದಾಗ ಮಂದಿ ಇರ್ತಾರೇನು? ಮಂದಿ ಬಂದು ಮ್ಯಾಲ ನಿಂದರ್ತಾರ."

ಇದನ್ನು ಇಂಗ್ಲಿಷಿಗೆ ಮಾಡಿ ಹೇಳಿದಾಗ ಆ ಹೆಂಗಸು ಅತ್ತೆಯ ಕೈ ಹಿಡಿದುಕೊಂಡರು. ಕೆಲಸ ಅಲ್ಲಿಗೆ ಗಟ್ಟಿಯಾಯಿತು.

ಆಮೇಲೆ ಅವರು ಹಲವು ಸಲ ಬಂದರು. ಪ್ರತಿ ಸಲ ಒಂದಿಷ್ಟು ಹೇಳುತ್ತಿದ್ದರು. ಅತ್ತೆ ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ. ಎಷ್ಟು ಸಲ ಗೆದ್ದರು ಎಂದು ಮೇಲ್ವಿಚಾರಕರು ಕೇಳಿದರೆ ಅತ್ತೆ, "ಅದನ್ನ ಅವರು ಬರ್ಕೊಂಡಿರ್ತಾರ. ಅಂಗಿ ಯಾರು ಹೊಲೀತಿದ್ರು ಕೇಳ್ರಿ," ಅನ್ನುತ್ತಿದ್ದರು. ಗಿರಣಿಯ ಹೆಂಗಸರೇ, ಮಾರಾಟವಾಗದ ಬಟ್ಟೆಯಲ್ಲಿ ಮೊದಲ ಅಂಗಿಗಳನ್ನು ಹೊಲಿದದ್ದಂತೆ. ಮೊದಮೊದಲು ಬಾಗಿದ ಕೋಲಿನಿಂದ ಚೆಂಡು ಹೊಡೆಯುತ್ತಿದ್ದರಂತೆ, ಆಮೇಲೆ ಚೆಂಡಿನ ಬದಲು ರಬ್ಬರಿನ ಚಪ್ಪಟೆ ಬಿಲ್ಲೆ ಬಂತಂತೆ. "ಕುಂಟಾಬಿಲ್ಲಿ ಹಂಗ," ಎಂದರು ಅತ್ತೆ. ಕೆರೆ ಹೆಪ್ಪುಗಟ್ಟಿದ ಮೇಲೆ ಹಿಮ ಬಿದ್ದರೆ, ಆಡುವವರೇ ಸಲಿಕೆ ತಂದು ಗೋರಿ, ಬರ್ಫಿಗೆ ಒಂದು ತೂತು ಮಾಡಿ ಬಕೆಟ್ಟಿನಿಂದ ನೀರು ಸೇದಿ ಮೇಲೆ ಚೆಲ್ಲುತ್ತಿದ್ದರಂತೆ. ಬೆಳಗಾಗುವುದರೊಳಗೆ ನೆಲ ಸಮವಾಗುತ್ತಿತ್ತು. "ಸಗಣಿ ಸಾರಿಸಿದಂಗ ಬಿಡು," ಎಂದು ಅತ್ತೆ ನನ್ನ ಕಡೆ ನೋಡಿದರು.

ಹೀಗೆ ಕೇಳಿಕೊಂಡು ನಾವು ಗಿರಣಿಯ ಪಟ್ಟಿ ನೇಯ್ದೆವು, ಕೋಲುಗಳ ಪಟ್ಟಿ ನೇಯ್ದೆವು. ಕೆರೆ ಬಂದಾಗ ತಪ್ಪಿದೆವು. ಬರ್ಫ್ ಎಂದರೆ ನಾವು ಕಂಡದ್ದು ಬೇಸಿಗೆಯಲ್ಲಿ ಶರಬತ್ತಿನ ಗಾಡಿಗೆ ಬರುವ ಗಡ್ಡೆ. ಅದು ನಡುವೆ ಬೆಳ್ಳಗೆ, ಅಂಚಿಗೆ ತುಸು ನೀಲಿ. ಕೆರೆಯನ್ನೂ ಹಾಗೇ ನೇಯ್ದೆವು. ಆ ಹೆಂಗಸು ಬಂದು ಅಂಗೈ ಆಡಿಸಿ ಚೆನ್ನಾಗಿದೆ ಎಂದರು, ಆಮೇಲೆ ಮೆಲ್ಲಗೆ ಇನ್ನೇನೋ ಹೇಳಿದರು.

"ಇದು ಹಿಮ ಆತಂತ್ರಿ. ಅವರು ಆಡೂ ಬರ್ಫ್ ಕರೀದಿರ್ತದಂತ."

"ಕರಿ ಬರ್ಫ್? ಮಾಸ್ತರ, ನೀವು ಇಂಗ್ಲೀಷ ಸರಿ ಕಲ್ತೀರಿಲ್ಲೋ?"

ಆ ಹೆಂಗಸು ಫೋನಿನಲ್ಲಿ ಚಿತ್ರ ತೋರಿಸಿದರು. ಚಳಿಗಾಲದ ಮೊದಲ ಬರ್ಫ್ ಗಾಜಿನಂತೆ ತಿಳಿಯಾಗಿರುತ್ತದಂತೆ. ಕೆಳಗಿನ ನೀರಿನ ಕತ್ತಲೆ ಕಂಡು ಕೆರೆಗೆ ಕೆರೆಯೇ ಕಪ್ಪಾಗಿತ್ತು. ಅದರ ತುಂಬ ಬಿಳಿ ಬಿರುಕು. ಅತ್ತೆ ಕನ್ನಡಕ ಏರಿಸಿ ನೋಡಿದರು.

"ಇದು ನಮ್ಮ ಎರಿ ಹೊಲ ಬಿರಿದಂಗ ಬಿರಿದೈತಲ್ಲ."

ಹೌದು, ಬಿರಿಯುವಾಗ ಇಡೀ ಕೆರೆ ಸದ್ದು ಮಾಡುತ್ತದೆ, ತಮ್ಮ ಊರವರಿಗೆ ಆ ಸದ್ದಿನಿಂದಲೇ ಬರ್ಫ್ ಎಷ್ಟು ದಪ್ಪ ಎಂದು ಗೊತ್ತಾಗುತ್ತದೆ ಎಂದರು ಆ ಹೆಂಗಸು. ಬಿಳಿ ಇದ್ದರೂ ನಡೆಯುತ್ತದೆ, ಬಿಚ್ಚಬೇಡಿ ಎಂದೂ ಹೇಳಿದರು. ಅವರು ಹೋದ ಮೇಲೆ ನಾನೂ ಅದನ್ನೇ ಅಂದೆ.

"ಇರ್ಲಿ ಬಿಡ್ರಿ ಅಮ್ಮಾ. ಯಾರಿಗೆ ಗೊತ್ತಾಗ್ತೈತಿ?"

"ಅದರ ಮ್ಯಾಲ ಬಿದ್ದು ಮೊಣಕಾಲ ಒಡಕೊಂಡವರು ನೋಡ್ತಾರಲ್ಲ ಬೇಟಾ," ಎಂದು ಅತ್ತೆ ಬಿಚ್ಚಲು ಕುಳಿತರು.

ಖಾಲಿ ವರ್ಷದ ವಿಷಯ ಬಂದದ್ದು ಅದರ ಮುಂದಿನ ಭೇಟಿಯಲ್ಲಿ. ಚಳಿಗಾಲ ಶುರುವಾದಾಗ ಕಬ್ಬಿಣದ ಸಲಾಕೆ ಹಿಡಿದು ಬರ್ಫ್ ಎಷ್ಟು ಗಟ್ಟಿಯಾಗಿದೆ ಎಂದು ಕುಕ್ಕಿ ನೋಡುವ ಕೆಲಸ ಆ ಕ್ಲಬ್ಬಿನಲ್ಲಿ ಒಬ್ಬನಿಗೆ ಇರುತ್ತಿತ್ತಂತೆ. ಒಂದು ವರ್ಷ ಹಾಗೆ ನೋಡಲು ಹೋದವನ ಕಾಲಡಿಯೇ ಬರ್ಫ್ ಒಡೆಯಿತು, ಅವನು ಮೇಲೆ ಬರಲಿಲ್ಲ. ಆ ಚಳಿಗಾಲ ಕ್ಲಬ್ಬು ಆಡಲಿಲ್ಲ. ಆಟದ ಮನೆಯ ಗೋಡೆಯಲ್ಲಿ ವರ್ಷಕ್ಕೊಂದರಂತೆ ತಂಡದ ಫೋಟೋ ಇವೆ. ಆ ವರ್ಷದ ಚೌಕಟ್ಟಿನಲ್ಲಿ ಏನೂ ಇಲ್ಲ. ಈ ತನಕ ಯಾರೂ ಅದನ್ನು ಗೋಡೆಯಿಂದ ಇಳಿಸಿಲ್ಲ.

ಅತ್ತೆ ಕೇಳಿದ್ದು ಒಂದೇ ಮಾತು. "ಅವನ ತಾಯಿ ಇದ್ಲೇನು?"

ಆ ಹೆಂಗಸಿಗೆ ಗೊತ್ತಿರಲಿಲ್ಲ. ಊರಿಗೆ ಫೋನು ಮಾಡಿ ಹಿರಿಯರನ್ನು ಕೇಳಿಕೊಂಡು ಬಂದರು. ತಾಯಿ ಅದೇ ಗಿರಣಿಯಲ್ಲಿ ನೂಲು ತೆಗೆಯುವವಳು. ಮರುವರ್ಷ ಕೆರೆ ಗಟ್ಟಿಯಾದಾಗ ಆಡೋಣವೋ ಬೇಡವೋ ಎಂದು ಎಲ್ಲರೂ ದಂಡೆಯಲ್ಲಿ ನಿಂತಿದ್ದಾಗ ಅವಳೇ ಬಂದು ಕತ್ತಲಲ್ಲಿ ಆಡಲು ಹಾಕುವ ದೀಪದ ತಂತಿಯನ್ನು ಕಂಬಕ್ಕೆ ಕಟ್ಟತೊಡಗಿದಳಂತೆ.

"ಹಂಗಾರ ಖಾಲಿ ವರ್ಷ ಆದ ಮ್ಯಾಲ ದೀಪದ ಪಟ್ಟಿ," ಎಂದು ಅತ್ತೆ ತೀರ್ಮಾನ ಮಾಡಿದರು. ಖಾಲಿ ವರ್ಷಕ್ಕೆ ಹೂವಿಲ್ಲ, ಕೋಲಿಲ್ಲ, ಗೆರೆಯಿಲ್ಲ. ಬಣ್ಣ ಹಾಕದ ನೂಲಿನ ಒಂದು ಬರಿ ಪಟ್ಟಿ. ಮುಂದಿನದನ್ನೂ ಅಷ್ಟಿಷ್ಟು ಮಾತಾಡಿಕೊಂಡಿದ್ದೆವು. ಊರವರೆಲ್ಲ ಕೈಸೇರಿಸಿ ಕಟ್ಟಿದ ಸೂರಿನ ಆಟದ ಮನೆ, ಮುಚ್ಚಿಹೋದ ಗಿರಣಿ, ಗಿರಣಿ ಮುಚ್ಚಿದರೂ ನಡೆದುಕೊಂಡು ಬಂದ ಕ್ಲಬ್ಬು. ಕೊನೆಗೆ ಈಗಿನ ಕಾಲ, ಹುಡುಗಿಯರೂ ಆಡುವ ಕಾಲ. ಅದನ್ನು ಹೇಗೆ ನೇಯುವುದು ಎಂದು ಅತ್ತೆ ಹೇಳಿರಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ಮಗ್ಗದ ಮೇಲೆ ಒಂದು ಚಾದರ ಹೊದಿಸಿದೆವು. ಮೂರನೆಯ ದಿನದ ಜಿಯಾರತ್ ಆಯಿತು. ಮಣ್ಣಿಗೆ ಬಂದಿದ್ದ ನಾದಿನಿ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಯುವ ತನಕ ಇರುತ್ತೇನೆಂದು ಉಳಿದರು. ಒಂದು ದಿನ ಮೇಲ್ವಿಚಾರಕರು ಬಂದು ಹೊಸ್ತಿಲ ಹತ್ತಿರ ಕುಳಿತರು. ಅವರೂ ಅತ್ತೆಯನ್ನು ಅಮ್ಮಾ ಎಂದೇ ಕರೆಯುತ್ತಿದ್ದವರು.

"ಮೇಡಂ ಬ್ಯಾಸಿಗಿ ಏರೂದ್ರಾಗ ಊರಿಗೆ ಹೊಂಟಾರವಾ. ನಿನಗ ತ್ರಾಸ ಕೊಡಾಕ ನನಗ ಮನಸಿಲ್ಲ. ಇದನ್ನ ಇಲ್ಲಿಗೆ ಕತ್ತರಿಸಿ ಇಳಿಸೂಣು. ಬ್ಯಾರೆ ಮನ್ಯಾಗ ಹೊಸಾದು ಹೂಡ್ತಾರ, ಸಣ್ಣದಾದ್ರೂ ಆದೀತು."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಒಮ್ಮೆ ಕತ್ತರಿಸಿದರೆ ಹಾಸು ಸಡಿಲಾಗುತ್ತದೆ, ಅದನ್ನು ಮತ್ತೆ ಹೂಡಲಾಗುವುದಿಲ್ಲ. ಅತ್ತೆ ಕೊನೆಗೆ ನೇಯ್ದದ್ದು ಅರ್ಧ ಜಮಖಾನವಾಗಿ ಟ್ರಂಕಿನಲ್ಲಿ ಮಡಚಿ ಬೀಳುತ್ತದೆ. ಅವರು ಬಿಚ್ಚಿ ಮತ್ತೆ ನೇಯ್ದ ಆ ಕರಿ ಕೆರೆಯನ್ನು ಆ ಊರಿನವರು ಯಾರೂ ನೋಡುವುದಿಲ್ಲ.

"ಸ್ವಲ್ಪ ದಿನಾ ಕೊಡ್ರಿ ಸರ್," ಎಂದೆ.

ಚಾದರ ತೆಗೆದು ಒಬ್ಬಳೇ ಕುಳಿತೆ. ಹೂವಿನ ಪಟ್ಟಿಯಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಬೇರೆ ಉಂಡೆ, ಅವರವರ ಭಾಗ ಅವರವರು ನೇಯುತ್ತೇವೆ. ಬರಿ ಪಟ್ಟಿಯಲ್ಲಿ ಹಾಗಲ್ಲ. ಒಂದೇ ಉಂಡೆ ಈ ಅಂಚಿನಿಂದ ಆ ಅಂಚಿಗೆ ಹೋಗಬೇಕು, ನಡುವೆ ಒಬ್ಬರ ಕೈಯಿಂದ ಇನ್ನೊಬ್ಬರು ಇಸಕೊಳ್ಳಬೇಕು. ನಾನು ನಡುವಿನ ತನಕ ಉಂಡೆ ತಂದು ಎಡಕ್ಕೆ ಕೈ ಚಾಚುತ್ತಿದ್ದೆ. ಮೊದಲ ದಿನ ಹಲವು ಸಲ ಹಾಗೆ ಚಾಚಿದೆ. ಆಮೇಲೆ ಎದ್ದು ಅತ್ತೆಯ ಜಾಗದಲ್ಲಿ ಕುಳಿತು ಉಳಿದರ್ಧ ಎಳೆಯುತ್ತಿದ್ದೆ.

ಸಂಜೆ ನೋಡಿದರೆ ನೇಯ್ದ ಅಂಚು ಎಡಕ್ಕೆ ಏರಿತ್ತು. ಬಲದಲ್ಲಿ ಹೊಕ್ಕು ಒತ್ತಾಗಿ ಕೂತಿದೆ, ಎಡದ ತುದಿಯಲ್ಲಿ ಸಡಿಲಾಗಿ ಉಬ್ಬಿ ನಿಂತಿದೆ. ಹೂವಿದ್ದರೆ ಇಂಥದ್ದು ಕಣ್ಣಿಗೆ ಬೀಳುವುದಿಲ್ಲ. ಬರಿ ಪಟ್ಟಿಯಲ್ಲಿ ಮರೆಮಾಡಲು ಏನೂ ಇರುವುದಿಲ್ಲ. ಬಿಚ್ಚಿದೆ. ಮರುದಿನ ನೇಯ್ದೆ, ಮತ್ತೆ ಏರಿತು, ಮತ್ತೆ ಬಿಚ್ಚಿದೆ.

ಹಿಂದಿನ ಓಣಿಯ ಚಾಚಿ ಅತ್ತೆಯ ವಾರಿಗೆಯವರು, ಹಳೆಯ ನೇಕಾರ್ತಿ. ಕೇಳಿದ ಕೂಡಲೇ ಬಂದರು. ಅವರ ಕೆಲಸಕ್ಕೆ ಹೆಸರಿದೆ. ಆದರೂ ಎಡಕ್ಕೆ ಕುಳಿತಾಗ ಪಂಜ ಹಿಡಿದ ಅವರ ಬಲ ಮೊಣಕೈ ನನ್ನ ಮೊಣಕೈಗೆ ತಾಗತೊಡಗಿತು. ಇಬ್ಬರೂ ಒಮ್ಮೆಗೇ ಬಡಿಯಲಾಗದೆ ಒಬ್ಬರಾದ ಮೇಲೆ ಒಬ್ಬರು ಬಡಿದೆವು. ಸಂಜೆಗೆ ಎಡದ ತುದಿ ಮತ್ತೆ ಸಡಿಲ.

ಒಳಗೆ ರೊಟ್ಟಿ ಬಡಿಯುತ್ತಿದ್ದ ನಾದಿನಿ, ಚಾಚಿ ಹೋದ ಮೇಲೆ ಬಾಗಿಲಿಗೆ ಬಂದು ನಿಂತರು.

"ಚಾಚಿ ಛಲೋ ನೇಯ್ತಾಳ ಖರೆ. ಆದ್ರ ಅಮ್ಮ ಹಿಂಗ ಬಡೀತಿದ್ದಿಲ್ಲ. ಅಮ್ಮಂದು ಎರಡು ಜೋರು, ಒಂದು ಹಗೂರ. ಇದು ಯಾರೋ ಖಾರಾ ಕುಟ್ಟಿದಂಗ ಆಗಾಕ್ಹತ್ತೈತಿ."

ಹೇಳುತ್ತಲೇ ಕಸಬರಿಗೆ ತೆಗೆದುಕೊಂಡು ಮಗ್ಗದ ಬುಡಕ್ಕೆ ಬಗ್ಗಿದರು. ಉದುರಿದ ನೂಲಿನ ಚೂರು, ಹತ್ತಿಯ ಧೂಳು ಎಲ್ಲವನ್ನೂ ಮೂಲೆಯಿಂದ ಎಳೆದು ತಂದರು. ನಾನು ನೋಡುತ್ತಿದ್ದೆ. ಅವರ ಕಸಬರಿಗೆ ಎಡಗೈಯಲ್ಲಿತ್ತು.

ಅತ್ತೆ ಎಡಚರು. ಊಟಕ್ಕಷ್ಟೇ ಬಲಗೈ, ಮಿಕ್ಕ ಎಲ್ಲ ಕೆಲಸಕ್ಕೂ ಎಡಗೈ. ಅವರು ಎಡಕ್ಕೆ, ನಾನು ಬಲಕ್ಕೆ ಕುಳಿತರೆ ಇಬ್ಬರ ಪಂಜವೂ ಹೊರಗಡೆ ಬರುತ್ತಿತ್ತು. ಮೊಣಕೈ ತಾಗುತ್ತಿರಲಿಲ್ಲ, ಎರಡೂ ತುದಿಗೆ ಸರಿಯಾಗಿ ಪೆಟ್ಟು ಬೀಳುತ್ತಿತ್ತು. ಇಷ್ಟು ವರ್ಷ ಪಕ್ಕದಲ್ಲೇ ಕುಳಿತೂ ನಾನು ಇದನ್ನು ಒಂದು ಸಂಗತಿ ಎಂದು ಎಣಿಸಿರಲಿಲ್ಲ. ಗಾಳಿ ಬೆಳಕಿನ ಹಾಗೆ ಅದು ಇತ್ತು.

"ಆಪಾ," ಎಂದೆ. "ಇಲ್ಲಿ ಕುಂಡ್ರಿ."

"ಎಲ್ಲಿ?"

"ಅಮ್ಮನ ಜಾಗಾದಾಗ."

ನಾದಿನಿ ಕಸಬರಿಗೆ ಕೆಳಗಿಡಲಿಲ್ಲ. "ಹುಚ್ಚೇನು ನಿನಗ?" ಎಂದರು. ಆದರೆ ಹೋಗಲೂ ಇಲ್ಲ.

ಸಂಜೆ ಗಂಡನಿಗೆ ಹೇಳಿದೆ. ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಅಮ್ಮ ಇದ್ದಿದ್ರ ಒಪ್ತಿದ್ಲೇನು?"

"ಒಪ್ತಿದ್ದಿಲ್ಲ."

"ಗೊತ್ತಿದ್ದೂ ಕುಂಡ್ರಸ್ತೀ?"

"ಕುಂಡ್ರಸ್ತೀನಿ. ಕತ್ತರಿಸಿ ಇಳಿಸೂದಕ್ಕಿಂತ ಇದು ಛಲೋ ಅನಸ್ತೈತಿ ನನಗ."

ಅವರು ಎದ್ದು ಹೊರಗೆ ಹೋದರು. ಬೆಳಗ್ಗೆ ಎದ್ದು ನೋಡಿದರೆ ಎಡಗಡೆಯ ಕೂರುವ ಹಲಗೆಯ ಕೆಳಗೆ ಎರಡು ಇಟ್ಟಿಗೆ ಸೇರಿಸಿ ಎತ್ತರ ಮಾಡಿದ್ದರು. ನಾದಿನಿಗೆ ಮೊಣಕಾಲು ನೋವಿದೆ, ತೀರ ಕೆಳಗೆ ಕುಳಿತುಕೊಳ್ಳಲಾಗುವುದಿಲ್ಲ.

ಚಾಚಿ ಒಪ್ಪಲಿಲ್ಲ. ಬಾಗಿಲಲ್ಲೇ ನಿಂತು, "ಇವತ್ತ ಈಕಿ ಇಲ್ಲಿ ಕುಂತ್ರ ನಾಳೆ ಮೊರಬದಾಗ ಮಗ್ಗ ಹೂಡ್ತಾರ," ಎಂದರು.

"ನನ್ನ ಗಂಡಗ ಟ್ರ್ಯಾಕ್ಟರ್ ನಿಂದರ್ಸಾಕ ಜಾಗ ಇಲ್ಲ ಚಾಚಿ, ಮಗ್ಗ ಎಲ್ಲಿ ಹೂಡ್ಲಿ? ಅವನ ಹೆಗಲ ಮ್ಯಾಲ?" ಎಂದರು ನಾದಿನಿ. ಚಾಚಿಗೆ ನಗು ಬರಲಿಲ್ಲ. ಅವರು ಈಗಲೂ ನಮ್ಮ ಮನೆಗೆ ಮೊದಲಿನ ಹಾಗೆ ಬರುವುದಿಲ್ಲ.

ನಾದಿನಿಯ ಕೈ ಹೊಲದ ಕೈ. ಕುಸುಬಿಯ ಮುಳ್ಳು ತರಚಿ ಬೆರಳೆಲ್ಲ ಒರಟಾಗಿದ್ದವು. ನೂಲು ಹಿಡಿದರೆ ಎಳೆ ಬೆರಳಿಗೇ ಕಚ್ಚಿಕೊಂಡು ಬರುತ್ತಿತ್ತು. ಎಣ್ಣೆ ಹಚ್ಚಿದರೆ ನೂಲು ಕಲೆಯಾಗುತ್ತದೆ. ಬಟ್ಟೆ ಒಗೆಯುವ ಕಲ್ಲಿಗೆ ಬೆರಳ ತುದಿಗಳನ್ನು ಉಜ್ಜಿ ಉಜ್ಜಿ ನುಣುಪು ಮಾಡಿಕೊಂಡು ಬಂದರು. ಮೊದಲ ಎರಡು ದಿನ ನೇಯ್ದದ್ದನ್ನೆಲ್ಲ ಬಿಚ್ಚಿದೆವು. ಹೊಕ್ಕನ್ನು ಬಿಗಿಯಾಗಿ ಎಳೆದು ಬಿಡುತ್ತಿದ್ದರು, ಅಂಚು ಒಳಕ್ಕೆ ಸರಿಯುತ್ತಿತ್ತು. ಎಳೆಯನ್ನು ನೇರ ಎಳೆಯಬಾರದು, ಗುಡ್ಡದ ಹಾಗೆ ತುಸು ಬಾಗಿಸಿ ಬಿಟ್ಟು ಆಮೇಲೆ ಪಂಜದಿಂದ ಕೂರಿಸಬೇಕು. ಅತ್ತೆ ನನಗೆ ಯಾವ ಮಾತಿನಲ್ಲಿ ಹೇಳಿಕೊಟ್ಟಿದ್ದರೋ ಅದೇ ಮಾತಿನಲ್ಲಿ ಹೇಳಿದೆ.

"ಸಡ್ಲ ಬಿಡ್ರಿ ಆಪಾ. ನೂಲಿಗೂ ಉಸರಾಡಾಕ ಬೇಕು."

ನಾದಿನಿ ಕೈ ನಿಲ್ಲಿಸಿದರು. "ಇದು ಅಮ್ಮನ ಮಾತು."

"ಹೌದ್ರಿ."

"ನಿನಗ ಹೇಳ್ತಿದ್ಲು. ನಾ ಅಲ್ಲಿ ಒಲಿ ಮುಂದ ಕುಂತು ಕೇಳ್ತಿದ್ದೆ."

ಮಾತಿನಲ್ಲಿ ಸಿಟ್ಟು ಇರಲಿಲ್ಲ. ಎಳೆಯನ್ನು ಬಾಗಿಸಿ ಬಿಟ್ಟು ಪಂಜ ಎತ್ತಿದರು. ನೂಲು ಹಿಡಿಯಲು ಬಾರದ ಆ ಕೈಗೆ ಪಂಜ ಮಾತ್ರ ಮೊದಲ ದಿನವೇ ಒಗ್ಗಿತ್ತು. ಎರಡು ಜೋರು, ಒಂದು ಹಗುರ. ಆ ಸದ್ದು ಕೇಳಿ ಹೊರಗೆ ಗಾಡಿ ಒರೆಸುತ್ತಿದ್ದ ನನ್ನ ಗಂಡ ಒಳಗೆ ಬಂದು ನೋಡಿ ಮತ್ತೆ ಹೊರಗೆ ಹೋದರು.

ಬರಿ ಪಟ್ಟಿ ನಿಧಾನವಾಗಿ ಏರಿತು. ನಾನು ಉಂಡೆಯನ್ನು ನಡುವಿಗೆ ತಂದಾಗ ಆ ಕಡೆಯಿಂದ ಒಂದು ಕೈ ಬರುತ್ತಿತ್ತು. ಅಂಚು ಸಮ ನಿಂತಿತು. ಪೂರ್ತಿ ಸಮ ಎಂದು ಹೇಳಲಾರೆ. ಅಂಗೈ ಇಟ್ಟು ಮೇಲಕ್ಕೆ ಸವರಿದರೆ ಕರಿ ಕೆರೆ ಮುಗಿದು ಖಾಲಿ ವರ್ಷ ಶುರುವಾಗುವಲ್ಲಿ ನೇಯ್ಗೆ ತುಸು ಒರಟಾಗುತ್ತದೆ. ಅದನ್ನು ಬಿಚ್ಚಬೇಕೆಂದು ನಮಗೆ ಅನ್ನಿಸಲಿಲ್ಲ.

ಆಮೇಲೆ ದೀಪದ ಪಟ್ಟಿ ನೇಯ್ದೆವು. ನೀಲಿಯ ಮೇಲೆ ಸಣ್ಣ ಸಣ್ಣ ಹಳದಿ ಚೌಕ. ನಾದಿನಿ ಎಣಿಕೆ ತಪ್ಪಿ ಒಂದು ದೀಪ ಹೆಚ್ಚಿಗೆ ಹಾಕಿದರು. "ಇರ್ಲಿ ತಗಿ, ಒಂದು ಹೆಚ್ಚಿಗಿ ಬೆಳಕು," ಎಂದರು. ಸೂರಿನ ಆಟದ ಮನೆ ನೇಯ್ದೆವು. ಹೊಗೆಯಿಲ್ಲದ ಗಿರಣಿ, ಅದರ ಮಗ್ಗುಲಲ್ಲಿ ಕೋಲುಗಳ ಸಾಲು. ಪ್ರತಿದಿನ ನಾದಿನಿ ಆ ಕ್ಲಬ್ಬಿನ ಒಂದಲ್ಲ ಒಂದು ಸುದ್ದಿ ಕೇಳುತ್ತಿದ್ದರು. ಅತ್ತೆ ಕೇಳಿ ತಿಳಿದದ್ದನ್ನು ನಾನು ಹೇಳುತ್ತಿದ್ದೆ. ಒಮ್ಮೆ, "ಅಷ್ಟು ಥಂಡ್ಯಾಗ ಸುಮ್ಮ ಮನ್ಯಾಗ ಕುಂಡ್ರೂದು ಬಿಟ್ಟು ಆಡಾಕ ಯಾಕ ಹೋಗಿದ್ರು?" ಎಂದರು. ಸ್ವಲ್ಪ ಹೊತ್ತಿಗೆ ತಾವೇ, "ಸುಮ್ಮ ಕುಂಡ್ರಾಕ ಆಗ್ತಿರ್ಲಿಕ್ಕಿಲ್ಲ ಬಿಡು," ಎಂದು ಪಂಜ ತೆಗೆದುಕೊಂಡರು.

ಕೊನೆಯ ಪಟ್ಟಿಗೆ ಬಂದಾಗ ಇಬ್ಬರೂ ಮೊಳೆಯ ಮೇಲಿದ್ದ ಲಡಿಯನ್ನು ನೋಡಿದೆವು. ಅದು ಯಾವುದಕ್ಕೆ ಎಂದು ನಾದಿನಿ ಕೇಳಿದರು. ಕಡೆಗೆ ಬೇಕಾಗುತ್ತದೆ ಎಂದು ಅತ್ತೆ ಹೇಳಿದ್ದರು, ಅಷ್ಟೇ ಗೊತ್ತು ಎಂದೆ.

ಮೇಲ್ವಿಚಾರಕರನ್ನು ಕೇಳಿದೆವು. ಬೇರೆ ಊರಿನ ತಂಡದ ಅಂಗಿಯ ಬಣ್ಣ ಇರಬಹುದೆಂದರು. ನಾದಿನಿ ಲಡಿಯನ್ನು ಕೈಯಲ್ಲಿ ಹಿಡಿದು, "ಇದು ನಮ್ಮ ಹೊಲದ ಕುಸುಬಿ," ಎಂದರು. ಆದರೆ ಮೊರಬದ ಕುಸುಬಿ ಆ ಕ್ಲಬ್ಬಿನ ಇತಿಹಾಸದಲ್ಲಿ ಯಾಕೆ ಬಂದೀತು ಎಂದು ಅವರೇ ತಲೆ ಆಡಿಸಿದರು. ಆ ಹೆಂಗಸಿಗೆ ಫೋನಿನಲ್ಲಿ ಚಿತ್ರ ಕಳಿಸಿದೆವು. ನಡು ಚಳಿಗಾಲದಲ್ಲಿ ತಮ್ಮ ಊರಿಗೆ ಸೂರ್ಯ ಸ್ವಲ್ಪವೇ ಹೊತ್ತು ಕಾಣುತ್ತಾನೆ, ಆಗ ಕೆರೆಯ ಮೇಲೆ ಇಂಥ ಬಣ್ಣ ಬೀಳುತ್ತದೆ, ಆದರೆ ಅದನ್ನು ಅಮ್ಮನಿಗೆ ತಾವು ಹೇಳಿದ ನೆನಪಿಲ್ಲ ಎಂದು ಬರೆದರು.

ಊಹೆ ಮಾಡಿ ನೇಯಬಹುದಾಗಿತ್ತು. ಬಿಳಿ ಕೆರೆ ನೇಯ್ದಾಗಲೂ ಊಹೆಯನ್ನೇ ಮಾಡಿದ್ದೆವು. ಅತ್ತೆ ಅದನ್ನು ಬಿಚ್ಚಿದ್ದರು. ನಾವು ಕೊನೆಯ ಪಟ್ಟಿಯನ್ನು ನೀಲಿ ಬಿಳಿಯಲ್ಲೇ ಮುಗಿಸಿದೆವು. ಗಿಡ್ಡ ಕೋಲು, ಉದ್ದ ಕೋಲು ಒಂದರ ಪಕ್ಕ ಒಂದು, ಹುಡುಗಿಯರದೂ ಹುಡುಗರದೂ.

ನಲವತ್ತರ ಫಾತಿಹಾ ಆದ ಮೇಲೆ ಜಮಖಾನ ಇಳಿಸಿದೆವು. ಆ ಹೆಂಗಸು ಬಂದಿದ್ದರು. ನೆಲಕ್ಕೆ ಹಾಸಿದಾಗ ಚಪ್ಪಲಿ ಬಿಟ್ಟು ಕೆರೆಯ ಪಟ್ಟಿಯ ಅಂಚಿಗೆ ಬಂದು ನಿಂತರು, ಮೇಲೆ ಕಾಲಿಡಲಿಲ್ಲ. ಬಗ್ಗಿ ಖಾಲಿ ವರ್ಷದ ಮೇಲೆ ಕೈಯಾಡಿಸಿದರು. ಒರಟು ಅವರ ಕೈಗೂ ಸಿಕ್ಕಿರಬೇಕು. ಏನೋ ಕೇಳಿದರು. ಈ ಎಡಗಡೆಯದನ್ನು ಯಾರು ನೇಯ್ದರು ಎಂದು ಕೇಳುತ್ತಿದ್ದಾರೆ ಎಂದರು ಮೇಲ್ವಿಚಾರಕರು.

"ಮಗಳು ನೇಯ್ದಾಳ ಅಂತ ಹೇಳ್ರಿ," ಎಂದೆ.

ನಾದಿನಿ ಸೆರಗು ಸರಿಮಾಡಿಕೊಂಡು ಒಳಗೆ ಚಹಾ ಮಾಡಲು ಹೋದರು. ಮರುದಿನ ಮೊರಬದ ಬಸ್ಸು ಹತ್ತಿದರು. ಜಮಖಾನ ಈಗ ಆ ಊರಿಗೆ ಮುಟ್ಟಿದೆ. ಅಲ್ಲಿ ಚಳಿಗಾಲ ಇನ್ನೂ ಬಂದಿಲ್ಲವಂತೆ.

ಮಗ್ಗಕ್ಕೆ ಹೊಸ ಹಾಸು ಹೂಡಿದ್ದೇನೆ. ಎಡಗಡೆಯ ಹಲಗೆ, ಅದರ ಕೆಳಗಿನ ಎರಡು ಇಟ್ಟಿಗೆ ಹಾಗೇ ಇವೆ. ಕುಸುಬಿ ಬಣ್ಣದ ಲಡಿ ಅದೇ ಮೊಳೆಯಲ್ಲಿದೆ. ಅತ್ತೆ ಅದನ್ನು ಎಲ್ಲಿ ನೇಯಬೇಕೆಂದು ಇಟ್ಟಿದ್ದರೋ ನಮಗೆ ಯಾರಿಗೂ ಗೊತ್ತಿಲ್ಲ.